ಡ್ರಮ್ಸ್, ರಾಕ್, ರ‍್ಯಾಪ್: ಆರಾಧನೆಗೆ ಸಲ್ಲುತ್ತವೆಯೇ?

ಪ್ರಶ್ನೆ: ಆರಾಧನೆಯಲ್ಲಿ ಡ್ರಮ್ಸ್, ಎಲೆಕ್ಟ್ರಿಕ್ ಗಿಟಾರ್ ಬೇಕೆಂದು ಯುವಕರು, ಅದು ಸಿನಿಮಾ ಸಂಗೀತ ಎಂದು ಹಿರಿಯರು. ಈ ಶೈಲಿಯಲ್ಲಿ ದೇವರನ್ನು ಸ್ತುತಿಸುವುದು ತಪ್ಪೇ?

ಉತ್ತರ: ತಪ್ಪಲ್ಲ. 150ನೇ ಕೀರ್ತನೆಯಲ್ಲಿ ತುತೂರಿ, ತಂತಿವಾದ್ಯ, ಕೊಳಲು, ದಮ್ಮಡಿ, ಜೋರಾಗಿ ಮೊಳಗುವ ತಾಳ ಎಲ್ಲವೂ ಇವೆ. ಆಮೋಸ 5:23ರಲ್ಲಿ ಹಾಡಿನ ಗದ್ದಲವನ್ನು ತೊಲಗಿಸಿ ಎನ್ನುವ ದೇವರ ಸಿಟ್ಟು ವಾದ್ಯದ ಮೇಲಲ್ಲ, ಬಡವರನ್ನು ತುಳಿಯುತ್ತಲೇ ಹಾಡುವವರ ಮೇಲೆ.

ಹಿರಿಯರ ಅಳುಕು ಬರೀ ಹಟವಲ್ಲ. 1903ರಲ್ಲಿ ಪೋಪ್ ಹತ್ತನೇ ಪಯಸ್ ಚರ್ಚಿನೊಳಗೆ ಪಿಯಾನೋ, ಡ್ರಮ್, ತಾಳ ನಿಷೇಧಿಸಿದ್ದರು. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಪೈಪ್ ಆರ್ಗನ್ನಿನ ಗೌರವ ಉಳಿಸಿಕೊಂಡೇ, ಆರಾಧನೆಗೆ ಹೊಂದುವ ಬೇರೆ ವಾದ್ಯಗಳಿಗೂ ಎಡೆ ಕೊಟ್ಟಿತು. ನಮ್ಮಲ್ಲೂ ಬಾಸೆಲ್ ಮಿಷನ್ನಿನವರು ಜರ್ಮನ್ ರಾಗಗಳಿಗೆ ಕನ್ನಡ ಕೂರಿಸಿದರು; ಅದೇ ಮಿಷನ್ನಿನ ಕಿಟ್ಟೆಲ್ 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತ್ರೆಯನ್ನು ಈ ನೆಲದ ಛಂದಸ್ಸಿನಲ್ಲಿ ಹೇಳಿದರು. ಇಂದು ಹಳೆಯವೆಂದು ಪ್ರೀತಿಸುವ ಆ ಜರ್ಮನ್ ರಾಗಗಳು ಅಂದು ಇಲ್ಲಿಗೆ ಹೊಸವೇ.

ಎಡವಟ್ಟಾಗುವುದು ಶೈಲಿಯಿಂದಲ್ಲ, ಅದನ್ನು ಸಭೆಗೆ ಅಳವಡಿಸುವ ರೀತಿಯಿಂದ. ಮೊದಲನೆಯದು ಮಾತು. ಇಂಗ್ಲಿಷ್ ಹಾಡಿನ ಟ್ಯೂನಿಗೆ ಕನ್ನಡ ಬರೆಯುವಾಗ ಹ್ರಸ್ವಾಕ್ಷರ ಉದ್ದ ಸ್ವರದ ಮೇಲೆ ಬಿದ್ದರೆ ‘ನಿನ್ನ ಬಲ’ ಎಂಬುದು ‘ನಿನ್ನ ಬಾಲ’ ಎಂದು ಕೇಳಿಸುತ್ತದೆ. ಅಲ್ಲಿ ‘ತ್ರಾಣ’ ಹಾಕಿದರೆ ಸರಿಹೋಗುತ್ತದೆ. ರಾಗ ಬಿಟ್ಟು, ತಾಳ ಹಾಕುತ್ತ ಸಾಹಿತ್ಯವನ್ನು ಓದಿ ನೋಡಿ. ನಾಲಿಗೆ ಎಲ್ಲಿ ತಡವರಿಸುತ್ತದೋ ಅಲ್ಲಿ ಪದ ಬದಲಿಸಿ.

ಇನ್ನು ಶ್ರುತಿ. ರೆಕಾರ್ಡಿಂಗಿನ ಶ್ರುತಿ ಆ ಗಾಯಕನ ಕಂಠಕ್ಕೆ ಹೊಂದಿದ್ದು, ಸಭೆಯ ಕಂಠಕ್ಕಲ್ಲ. ಅತಿ ಎತ್ತರದ ಸ್ವರ ಮೇಲಿನ ‘ಡಿ’ ದಾಟದಿರಲಿ. ‘ಎ’ ಶ್ರುತಿಯ ಹಾಡು ‘ಎಫ್ ಶಾರ್ಪ್’ ಮುಟ್ಟುತ್ತಿದ್ದರೆ ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಒತ್ತಿ 4 ಮೆಟ್ಟಿಲು ಇಳಿಸಿ ‘ಎಫ್’ಗೆ ತನ್ನಿ, ಗಿಟಾರಿನವರು 3ನೇ ಫ್ರೆಟ್ಟಿಗೆ ಕೇಪೋ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್) ಹಾಕಿ ‘ಡಿ’ ಶ್ರುತಿಯ ಕಾರ್ಡ್‌ಗಳನ್ನೇ ಹಿಡಿಯಬಹುದು.

ಟೈಲ್ಸ್ ನೆಲ, ಬೋಳು ಗೋಡೆಯ ಹಾಲಿನಲ್ಲಿ ಡ್ರಮ್ಸ್ ಜೊತೆಗಿರುವ ಲೋಹದ ತಟ್ಟೆ, ಅಂದರೆ ಸಿಂಬಲ್ಲಿನ ಪ್ರತಿಧ್ವನಿ ವ್ಯಂಜನಗಳನ್ನು ನುಂಗಿಹಾಕುತ್ತದೆ. ಕೋಲಿನ ಬದಲು ಬ್ರಷ್ ಬಳಸಿ, ಇಲ್ಲವೇ ಕಹೋನ್ (ಮೇಲೆ ಕುಳಿತು ಕೈಯಿಂದ ಬಾರಿಸುವ ಮರದ ಪೆಟ್ಟಿಗೆ) ಸಾಕು. ಪರೀಕ್ಷೆ ಸುಲಭ: ಕೊನೆಯ ಚರಣದಲ್ಲಿ ವಾದ್ಯಗಳನ್ನೆಲ್ಲ ನಿಲ್ಲಿಸಿ. ಜನರ ದನಿಯೂ ನಿಂತುಹೋದರೆ ಅವರು ಅಷ್ಟು ಹೊತ್ತೂ ಬರೀ ಕೇಳುಗರಾಗಿದ್ದರು.

ಕಥೋಲಿಕರು ಗಮನಿಸಬೇಕಾದ ನಿಯಮವೊಂದಿದೆ. ಬಲಿಪೂಜೆಯಲ್ಲಿ ಗುರುಗಳು ತಮ್ಮ ಪಾಲಿನ ಪ್ರಾರ್ಥನೆ ಹೇಳುವಾಗ ಯಾವ ವಾದ್ಯವೂ ನುಡಿಯಬಾರದು. ಹಿನ್ನೆಲೆಗೆಂದು ಮೆಲ್ಲಗೆ ನುಡಿಸುವ ಕೀಬೋರ್ಡಿಗೂ ಇದು ಅನ್ವಯ.

ರ‍್ಯಾಪ್ ಒಬ್ಬರ ಬಾಯಿಯ ಕಲೆ, ಸಭೆ ಜೊತೆಗೂಡುವುದು ಕಷ್ಟ. ಯುವಕೂಟಕ್ಕೆ, ಕ್ರಿಸ್ಮಸ್ ಕಾರ್ಯಕ್ರಮಕ್ಕೆ ಅದು ಚೆನ್ನ. ಆರಾಧನೆಗೂ ಬೇಕೆಂದರೆ ಎಲ್ಲರೂ ಹಾಡಬಲ್ಲ ಎರಡು ಸಾಲಿನ ಪಲ್ಲವಿಯೊಂದನ್ನು ಮೊದಲು ಕಲಿಸಿ, ಆಮೇಲೆ ಶುರುಮಾಡಿ.