ರಾತ್ರಿ ಹನ್ನೊಂದರ ಪಿಡಿಎಫ್

ನಾಳೆ ಬೆಳಿಗ್ಗೆ ಎಫ್‌ಎಂಜಿಇ. ರಷ್ಯಾದಲ್ಲೋ ಕಿರ್ಗಿಸ್ತಾನದಲ್ಲೋ ಫಿಲಿಪೈನ್ಸ್‌ನಲ್ಲೋ ವೈದ್ಯಕೀಯ ಓದಿ ಬಂದವರು ಇಲ್ಲಿ ರೋಗಿಯ ನಾಡಿ ಹಿಡಿಯಬೇಕಾದರೆ ಈ ಪರೀಕ್ಷೆ ದಾಟಲೇಬೇಕು. 300 ಪ್ರಶ್ನೆ, 300 ನಿಮಿಷ. 150 ಸರಿ ಬಂದರೆ ಪಾಸು. ಈಗ ರಾತ್ರಿ ಹನ್ನೊಂದು. ಟೆಲಿಗ್ರಾಮ್ ಗುಂಪಿಗೆ ಯಾರೋ ‘ಲಾಸ್ಟ್ ಮಿನಿಟ್ ರಿವಿಷನ್’ ಅಂತ ಎಂಬತ್ತು ಪುಟದ ಪಿಡಿಎಫ್ ಹಾಕಿದ್ದಾರೆ. ತೆರೆಯಬೇಕೋ ಬೇಡವೋ?

ಬೇಡ. ಸಮಾಧಾನಕ್ಕೆ ಹೇಳುವ ಮಾತಲ್ಲ ಇದು, ಲೆಕ್ಕವಿದೆ. ಆಸ್ಟ್ರೇಲಿಯಾದ ಸಂಶೋಧಕರಾದ ಡಾಸನ್ ಮತ್ತು ರೀಡ್ 1997ರಲ್ಲಿ ಒಂದು ಗುಂಪಿನವರಿಗೆ ಒಮ್ಮೆ ನಿದ್ದೆಗೆಡಿಸಿ, ಇನ್ನೊಮ್ಮೆ ಮದ್ಯ ಕುಡಿಸಿ, ಕಣ್ಣು–ಕೈಗಳ ಹೊಂದಾಣಿಕೆ ಅಳೆದರು. 17 ಗಂಟೆ ಎಚ್ಚರವಿದ್ದವರ ಕೈ, ರಕ್ತದಲ್ಲಿ ಶೇ 0.05 ಮದ್ಯ ಇದ್ದವರಷ್ಟೇ ತಪ್ಪುತ್ತಿತ್ತು. ನಮ್ಮಲ್ಲಿ ವಾಹನ ಓಡಿಸುವವರಿಗೆ ಕಾನೂನಿನ ಮಿತಿ ಶೇ 0.03. ಬೆಳಿಗ್ಗೆ ಆರಕ್ಕೆ ಎದ್ದವರಿಗೆ ಹನ್ನೊಂದು ಹೊಡೆಯುವ ಹೊತ್ತಿಗೆ ಹದಿನೇಳು ಗಂಟೆ ತುಂಬಿರುತ್ತದೆ. ಸ್ಕೂಟರ್ ಕೊಡಬಾರದಂಥ ಸ್ಥಿತಿಯಲ್ಲಿರುವ ತಲೆಗೆ ಎಂಬತ್ತು ಪುಟ ಕೊಡುವುದು ಯಾವ ನ್ಯಾಯ?

ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಹಗಲು ಓದಿದ್ದು ಮೊದಲು ಮಿದುಳಿನ ಹಿಪ್ಪೊಕ್ಯಾಂಪಸ್ ಭಾಗವನ್ನು ಆಶ್ರಯಿಸಿರುತ್ತದೆ. ಗಾಢ ನಿದ್ದೆಯಲ್ಲಿ ಆ ನೆನಪುಗಳು ಮತ್ತೆ ಮತ್ತೆ ಮಿಡಿದು, ಮಿದುಳಿನ ಹೊರಪದರದಲ್ಲಿ ನೆಲೆ ಕಂಡುಕೊಳ್ಳುತ್ತವೆ. ನಿದ್ದೆ ಬಿಟ್ಟು ಓದುವುದೆಂದರೆ ಕಾಳು ಒಕ್ಕಿ ರಾಶಿ ಮಾಡಿ, ಕಣಜಕ್ಕೆ ತುಂಬದೆ ಅಂಗಳದಲ್ಲೇ ಬಿಟ್ಟಂತೆ. ಅಂದಹಾಗೆ, ಸಂಜೆ ಆರಕ್ಕೆ ಕುಡಿದ ಸ್ಟ್ರಾಂಗ್ ಕಾಫಿಯ ಕೆಫೀನ್ ಸುಮಾರು ಅರ್ಧದಷ್ಟು ಈಗಲೂ ರಕ್ತದಲ್ಲಿ ಸುತ್ತುತ್ತಿರುತ್ತದೆ. ‘ನನಗೆ ನಿದ್ದೇನೇ ಬರಲ್ಲ’ ಎನ್ನುವವರು ಮೊದಲು ಆ ಲೋಟವನ್ನು ನೆನಪಿಸಿಕೊಳ್ಳಲಿ.

ಸರಿ, ಮಲಗಿದ್ದಾಯಿತು. ಎದೆ ಮಾತ್ರ ಡವಡವ ಅನ್ನುತ್ತಿದೆ. ‘ಟೆನ್ಶನ್ ಮಾಡ್ಕೋಬೇಡ’ ಅಂತ ಮನೆಯವರು ಹತ್ತು ಸಲ ಹೇಳಿರುತ್ತಾರೆ. ಹೇಳಿದಷ್ಟೂ ಹೆಚ್ಚುವ ರೋಗ ಅದು. ಮನಶ್ಶಾಸ್ತ್ರಜ್ಞ ಜೆರೆಮಿ ಜೇಮಿಸನ್ ಮತ್ತು ಸಂಗಡಿಗರು ಇದಕ್ಕೆ ಬೇರೆ ದಾರಿ ಹಿಡಿದರು. ಅಮೆರಿಕದಲ್ಲಿ ಸ್ನಾತಕೋತ್ತರ ಪ್ರವೇಶಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆಗೆ ತಯಾರಾಗುತ್ತಿದ್ದವರಲ್ಲಿ ಕೆಲವರಿಗೆ, ಎದೆ ಹೊಡೆದುಕೊಂಡರೆ ಕೆಡುಕಲ್ಲ, ಅದು ಪರೀಕ್ಷೆಗೆ ನೆರವಾಗಲೂಬಹುದು ಎಂದಷ್ಟೇ ತಿಳಿಸಿದರು. 2010ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಆ ಮಾತು ಕೇಳಿದವರು ಗಣಿತದಲ್ಲಿ ಉಳಿದವರಿಗಿಂತ ಹೆಚ್ಚು ಅಂಕ ತೆಗೆದರು, ಅದೂ ಅಣಕು ಪರೀಕ್ಷೆಯಲ್ಲೂ ಮುಂದೆ ನಿಜವಾದದ್ದರಲ್ಲೂ. ಒಂದೇ ಅಧ್ಯಯನವನ್ನು ತಲೆ ಮೇಲೆ ಹೊತ್ತು ಮೆರೆಸಬೇಕಿಲ್ಲ. ಆದರೆ ಅಡ್ರಿನಲಿನ್ ಏರಿದಾಗ ಹೃದಯ ಜೋರಾಗಿ ರಕ್ತ ತಳ್ಳುವುದು ದೇಹ ಕೆಲಸಕ್ಕೆ ಸಜ್ಜಾಗುತ್ತಿರುವುದರ ಗುರುತು. ಭಾವಿ ವೈದ್ಯರಿಗೆ ನಾನು ಹೇಳಿಕೊಡಬೇಕಾದ ಪಾಠವಲ್ಲ!

ಬೆಳಿಗ್ಗೆ ಕೇಂದ್ರದ ಹೊರಗೆ ಕಾಯುವ ಹೊತ್ತಿಗೆ ನೋಟ್ಸ್ ಬದಲು ಒಂದು ಖಾಲಿ ಹಾಳೆ ಒಳ್ಳೆಯದು. ಷಿಕಾಗೋ ವಿಶ್ವವಿದ್ಯಾಲಯದ ರಮೀರೆಜ್ ಮತ್ತು ಬೈಲಾಕ್ 2011ರಲ್ಲಿ ತೋರಿಸಿದಂತೆ, ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ತಮ್ಮ ಭಯವನ್ನೇ ಬರೆದು ಇಳಿಸಿದ ವಿದ್ಯಾರ್ಥಿಗಳು ಹೆಚ್ಚು ಅಂಕ ತೆಗೆದರು. ಹೆದರುಪುಕ್ಕಲರಿಗೇ ಇದರ ಲಾಭ ಜಾಸ್ತಿ. ಲೆಕ್ಕ ಹಾಕುವಾಗ ಮನಸ್ಸು ಬಳಸುವ ಜಾಗ ಸಣ್ಣದು; ‘ಫೇಲಾದರೆ ಅಪ್ಪ ಮಾಡಿದ ಸಾಲ?’ ಎಂಬ ಪ್ರಶ್ನೆ ಅಲ್ಲೇ ಕಾಲು ಚಾಚಿ ಕೂತರೆ ರೋಗಲಕ್ಷಣಗಳಿಗೆ ಎಡೆಯೆಲ್ಲಿ? ಏನು ಬರೆಯಬೇಕೋ ಬರೆದು, ಹರಿದು ಬಿಸಾಡಿ.

ಪರೀಕ್ಷೆಯ ಎರಡು ಭಾಗಗಳ ನಡುವಿನ ಬಿಡುವಿನಲ್ಲಿ ಯಾರಾದರೂ ಬಂದು ‘ಆ ಥೈರಾಯ್ಡ್ ಪ್ರಶ್ನೆಗೆ ಬಿ ತಾನೆ?’ ಅಂತ ಕೇಳುತ್ತಾರೆ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಕಳೆದ ಪ್ರಶ್ನೆಗೆ ಮತ್ತೆ ಹೋಗುವಂತೆಯೂ ಇಲ್ಲ. ನಕ್ಕು ಆಚೆ ಸರಿದು, ಬುತ್ತಿ ಬಿಚ್ಚಿ ಮೊಸರನ್ನ ತಿನ್ನುವುದು.