ಹಿಟಾಚಿಯ ಮಾದರಿಗೆ ಎಷ್ಟು ದಪ್ಪದ ತಗಡು?

ಪ್ರಶ್ನೆ: ತಲಪಾಡಿ–ಚೆಂಗಳ ಹೆದ್ದಾರಿ ಕೆಲಸದಲ್ಲಿ ನೋಡಿದ ಹಿಟಾಚಿಯ ಮಾದರಿಯನ್ನು ಹಿತ್ತಾಳೆಯಲ್ಲಿ 1:20 ಅಳತೆಗೆ ಮಾಡಬೇಕೆಂದಿದ್ದೇನೆ. ಎಲ್ಲವನ್ನೂ 20ರಿಂದ ಭಾಗಿಸಿದರೆ ಸಾಕಾ? ತಗಡಿನ ದಪ್ಪವನ್ನೂ? – ಕುಂಬಳೆಯ ಓದುಗರೊಬ್ಬರು

ಉತ್ತರ: ಹೊರಗಿನ ಅಳತೆಗೆ ಭಾಗಾಕಾರ ಸಾಕು. ದಪ್ಪಕ್ಕೆ ಸಾಲದು.

ನಮ್ಮ ಕಡೆ ಮಣ್ಣು ಅಗೆಯುವ ಯಂತ್ರ ಯಾವ ಕಂಪನಿಯದಾದರೂ ಚೈನಿನ ಮೇಲೆ ಓಡಿದರೆ ಅದು ಹಿಟಾಚಿಯೇ, ಅಲ್ವಾ? ರಸ್ತೆ ಕೆಲಸಕ್ಕೆ ಬರುವುದರಲ್ಲಿ 20 ಟನ್ ವರ್ಗದ್ದು ಜಾಸ್ತಿ. ಅದರ ಅಗಲ ಸುಮಾರು 2.8 ಮೀಟರ್, ಬೂಮ್, ಅಂದರೆ ಯಂತ್ರದ ಮೈಯಿಂದ ಹೊರಡುವ ದೊಡ್ಡ ತೋಳು, ಸುಮಾರು 5.7 ಮೀಟರ್. ನಿಮ್ಮ ಮಾದರಿಯಲ್ಲಿ ಅದು 140 ಮತ್ತು 285 ಮಿ.ಮೀ. ಆಗುತ್ತದೆ. ಇಲ್ಲಿಯವರೆಗೆ ತಕರಾರಿಲ್ಲ.

ಈಗ ಕ್ಯಾಬಿನ್ನಿಗೆ ಬನ್ನಿ. ತಗಡು 2 ಮಿ.ಮೀ. ಅಂತಿಟ್ಟುಕೊಳ್ಳಿ. ಭಾಗಿಸಿದರೆ 0.1 ಮಿ.ಮೀ. ಅಷ್ಟು ತೆಳು ಹಾಳೆ ಬೆಸುಗೆಯ ಕಾವಿಗೇ ಸೊಟ್ಟಗಾಗುತ್ತದೆ, ಬೆರಳು ತಾಗಿದಲ್ಲೆಲ್ಲ ಗುಳಿ ಬೀಳುತ್ತದೆ. 28 ಗೇಜಿನ ಹಿತ್ತಾಳೆ ತಗೊಳ್ಳಿ, ಸುಮಾರು 0.38 ಮಿ.ಮೀ. ಇರುತ್ತದೆ. ದಪ್ಪ ಜಾಸ್ತಿಯಾಯಿತಲ್ಲ ಅನ್ನುತ್ತೀರಾ? ದಪ್ಪ ಕಣ್ಣಿಗೆ ಬೀಳುವುದು ಅಂಚಿನಲ್ಲಿ ಮಾತ್ರ: ಬಾಗಿಲು, ಕಿಟಕಿಯ ಚೌಕಟ್ಟು, ಇಂಜಿನ್ ಮುಚ್ಚಳ. ಆ ಅಂಚುಗಳನ್ನು ಒಳಬದಿಯಿಂದ ಓರೆಯಾಗಿ ಅರ ಹಾಕಿ ತೆಳು ಮಾಡಿ. ಉಳಿದದ್ದು ಹಾಗೇ ಇರಲಿ, ಯಾರೂ ಅಳೆಯುವುದಿಲ್ಲ.

ಬೂಮಿನ ಕತೆ ಬೇರೆ. ಅಲ್ಲಿ ಪ್ಲೇಟು 10–12 ಮಿ.ಮೀ. ಇದ್ದರೆ 24 ಗೇಜಿನ ತಗಡು, ಅಂದರೆ 0.56 ಮಿ.ಮೀ., ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಗಟ್ಟಿ ಪಟ್ಟಿಯಿಂದ ಕಡೆಯಲು ಹೋಗಬೇಡಿ. ನಿಜವಾದ ಬೂಮೂ ಒಳಗೆ ಪೊಳ್ಳು ಪೆಟ್ಟಿಗೆಯೇ. ಗಟ್ಟಿಯಾಗಿ ಮಾಡಿದರೆ ಮಾದರಿ ಮೂತಿ ಕೆಳಗಾಗಿ ಬೀಳುತ್ತದೆ.

ಹತ್ತಿರ ಹೋಗಿ ನೋಡಿ: ಎಷ್ಟೋ ಯಂತ್ರಗಳಲ್ಲಿ ಬೂಮಿನ ಮೇಲಿನ, ಕೆಳಗಿನ ಪ್ಲೇಟು ಪಕ್ಕದ ಪ್ಲೇಟಿಗಿಂತ ಚೂರೇ ಚೂರು ಹೊರಗೆ ಚಾಚಿರುತ್ತದೆ. ಆ ಮೂಲೆಯಲ್ಲಿ ವೆಲ್ಡಿಂಗಿನ ಗೆರೆ ಓಡುತ್ತದೆ. ನೀವೂ ಅರ್ಧ ಮಿ.ಮೀ. ಚಾಚು ಬಿಟ್ಟು ಬೆಸೆಯಿರಿ. ಬೆಸುಗೆಯ ಸೀಸ ಕರಗಿ ಅದೇ ಮೂಲೆಯಲ್ಲಿ ನಿಲ್ಲುತ್ತದೆ. ಅದನ್ನು ಪೂರ್ತಿ ಕೆರೆದು ತೆಗೆಯಬೇಡಿ, ಬಣ್ಣ ಬಿದ್ದ ಮೇಲೆ ಅದೇ ವೆಲ್ಡಿಂಗ್! ನನ್ನ ಮಟ್ಟಿಗೆ ಮಾದರಿಗೆ ಜೀವ ಬರುವುದು ಇಲ್ಲಿ. ಸುಮ್ನೆ ನಟ್ಟು ಬೋಲ್ಟು ಅಂಟಿಸುತ್ತಾ ಹೋದರೆ ಬರುವುದಿಲ್ಲ.

ಬೆಸುಗೆಗೆ ಒಂದು ಕ್ರಮ ಇದೆ. ಮೊದಲು ಬುಷ್‌ಗಳಿಗೆ, ಅಂದರೆ ಪಿನ್ ಕೂರುವ ಕೊಳವೆ ತುಂಡುಗಳಿಗೆ, ಬೆಳ್ಳಿ ಬೆಸುಗೆ ಹಾಕಿ. ಅದು ಕರಗಲು 600 ಡಿಗ್ರಿಗಿಂತ ಹೆಚ್ಚು ಕಾವು ಬೇಕು. ಬಿಳಿಗಾರ ಹಚ್ಚಿ ಊದುವ ಕೈಚಳಕವನ್ನು ಊರಿನ ಚಿನ್ನದ ಕೆಲಸದವರಿಂದ ಕಲಿಯಬಹುದು. ಆಮೇಲೆ ಉಳಿದದ್ದನ್ನು ತವರ-ಸೀಸದ ಮಾಮೂಲಿ ಬೆಸುಗೆಯಿಂದ ಮಾಡಿ. 60:40ರದ್ದು 190 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ, ಮೊದಲಿನ ಜೋಡಣೆ ಅಲುಗುವುದಿಲ್ಲ. ಕಿಟಕಿ ತೆರೆದಿಡಿ, ಸೀಸ ಮುಟ್ಟಿದ ಕೈ ತೊಳೆದುಕೊಳ್ಳಿ.

ತೂಕವನ್ನೂ 20ರಿಂದ ಭಾಗಿಸಿ ಒಂದು ಟನ್ ಅಂದುಕೊಳ್ಳಬೇಡಿ. ಉದ್ದ, ಅಗಲ, ಎತ್ತರ ಮೂರೂ ಕುಗ್ಗುವುದರಿಂದ 8000ದಿಂದ ಭಾಗಿಸಬೇಕು. ಎರಡೂವರೆ ಕಿಲೋ ಬರುತ್ತದೆ.

ಚೈನನ್ನು ಕೊನೆಗೆ ಇಟ್ಟುಕೊಳ್ಳಿ. ಒಂದೊಂದು ಬದಿಗೆ ಸುಮಾರು 45 ಶೂ (ಚೈನಿನಲ್ಲಿ ನೆಲಕ್ಕೆ ತಾಗುವ ಪಟ್ಟಿಗಳು), ಎಲ್ಲವೂ ಒಂದೇ ಅಚ್ಚು. ಅದರಿಂದ ಶುರು ಮಾಡಿದವರು ಬೂಮಿನವರೆಗೆ ಬರುವುದು ಕಡಿಮೆ.