ಹುಡುಕಾಟದ ಪುಟವೇ ಅಂಗಡಿ ಸಾಲಾದ ಬಗೆ

ಚನ್ನಪಟ್ಟಣದ ಗೊಂಬೆ ಬೇಕೆಂದು ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಗೂಗಲ್‌ನಲ್ಲಿ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ಚಿತ್ರಗಳ ಒಂದು ಸಾಲು. ಒಂದೊಂದು ಚೌಕದಲ್ಲೂ ಬಿಳಿ ಹಿನ್ನೆಲೆಯ ಮೇಲೆ ಅರಗಿನ ಬಣ್ಣ ಹಚ್ಚಿದ ಒಂದು ಆಟಿಕೆ, ಅದರ ಕೆಳಗೆ ಬೆಲೆ, ಬೆಲೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಮಾರುವವರ ಹೆಸರು. ಇಡೀ ಸಾಲಿನ ನೆತ್ತಿಯಲ್ಲಿ ಇದು ಪ್ರಾಯೋಜಿತ ಎಂದು ತಿಳಿಸುವ ಒಂದು ಪದ, ಹುಡುಕಿದರಷ್ಟೇ ಕಾಣುವಷ್ಟು ತೆಳುವಾಗಿ ಇರುತ್ತದೆ. ಹಣ ಕೊಡದೆ ಕಾಣಿಸಿಕೊಳ್ಳುವ ಹಳೆಯ ನೀಲಿ ಕೊಂಡಿಗಳು ಸಿಗಬೇಕಾದರೆ ಪುಟವನ್ನು ಒಂದೆರಡು ಬಾರಿ ಸರಿಸಬೇಕು. ಈ ಚಿತ್ರಸಾಲು ಪುಟದ ತಲೆಗೆ ಬಂದು ಕುಳಿತದ್ದು ಹೇಗೆ, ಅದರ ವೆಚ್ಚ ಯಾರ ಲೆಕ್ಕಕ್ಕೆ ಬಿತ್ತು ಎಂಬುದಕ್ಕೆ ಎರಡು ದಶಕಗಳಿಗೂ ಮೀರಿದ ಒಂದು ಇತಿಹಾಸವಿದೆ. ಅದರ ಬಹುಭಾಗ ನಡೆದದ್ದು ಯುರೋಪಿನಲ್ಲಿ.

1998ರಲ್ಲಿ ಆರಂಭವಾದ ಗೂಗಲ್, ತನ್ನ ಬಳಿಗೆ ಬಂದವರನ್ನು ಆದಷ್ಟು ಬೇಗ ಬೇರೆಡೆಗೆ ಕಳುಹಿಸುವುದನ್ನೇ ಹೆಗ್ಗಳಿಕೆಯಾಗಿ ಹೇಳಿಕೊಳ್ಳುತ್ತಿದ್ದ ಸಂಸ್ಥೆ. 2000ದಲ್ಲಿ ಅದು ಹುಡುಕಾಟದ ಪದಗಳಿಗೆ ತಕ್ಕಂತೆ ತೋರುವ ಜಾಹೀರಾತುಗಳನ್ನು ತಂದಿತು. 2002ರಿಂದ ಆ ಜಾಹೀರಾತುಗಳ ಜಾಗವನ್ನು, ಕ್ಲಿಕ್ಕಿಗೆ ಇಷ್ಟು ಎಂಬ ಲೆಕ್ಕದಲ್ಲಿ ಹರಾಜು ಹಾಕತೊಡಗಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಮಿತವ್ಯಯ ಎಂಬರ್ಥದ ಇಂಗ್ಲಿಷ್ ಪದವನ್ನು ತನ್ನ ಹೆಸರಿನೊಂದಿಗೆ ಬೆಸೆದು, ‘ಫ್ರೂಗಲ್’ ಎಂಬ ಬೆಲೆ ಹೋಲಿಕೆಯ ಸೇವೆಯನ್ನು ಆರಂಭಿಸಿತು. ವರ್ತಕರು ತಮ್ಮ ಸರಕಿನ ಪಟ್ಟಿಯನ್ನು ಒಂದು ಕಡತವಾಗಿ ಅಲ್ಲಿಗೆ ಏರಿಸಬಹುದಿತ್ತು, ಅದಕ್ಕೆ ಶುಲ್ಕವಿರಲಿಲ್ಲ. ಆದರೆ ಫ್ರೂಗಲ್ ಹೇಳಿಕೊಳ್ಳುವಷ್ಟು ಓಡಲಿಲ್ಲ. ಅದು ಕೆಲಸ ಮಾಡುತ್ತಿಲ್ಲವೆಂದು ಸಂಸ್ಥೆಯೊಳಗೇ 2006ರಲ್ಲಿ ಒಪ್ಪಿಕೊಂಡದ್ದನ್ನು, ಐರೋಪ್ಯ ಒಕ್ಕೂಟದ ಆಡಳಿತಾಂಗವಾದ ಐರೋಪ್ಯ ಆಯೋಗ ಮುಂದೆ ತನ್ನ ತೀರ್ಮಾನದಲ್ಲಿ ಎತ್ತಿ ತೋರಿಸಿತು.

ಆ ಹೊತ್ತಿಗೆ ಕೆಲ್ಕೂ, ಪ್ರೈಸ್‌ರನ್ನರ್, ಷಾಪ್‌ಜಿಲ್ಲಾ, ಐಡಿಯಾಲೊ ಮುಂತಾದ ಬೆಲೆ ಹೋಲಿಕೆಯ ತಾಣಗಳು ಯುರೋಪಿನಲ್ಲಿ ಬೇರೂರಿದ್ದವು. ಇವು ಕೂಡ ವರ್ತಕರಿಂದ ಕ್ಲಿಕ್ಕಿನ ಲೆಕ್ಕದಲ್ಲಿ ಹಣ ಪಡೆಯುತ್ತಿದ್ದ ಮಧ್ಯವರ್ತಿಗಳೇ ಎಂಬುದನ್ನು ಮರೆಯಬಾರದು. ಮುಂದಿನ ವ್ಯಾಜ್ಯದಲ್ಲಿ ಇವುಗಳನ್ನು ಬಡಪಾಯಿಗಳಂತೆ ಚಿತ್ರಿಸುವುದು ವಾಡಿಕೆಯಾಯಿತಾದರೂ, ಟೀಪಾಟು ಮಾರುವ ಸಣ್ಣ ಅಂಗಡಿಯವನ ದೃಷ್ಟಿಯಲ್ಲಿ ಇದು ಇಬ್ಬರು ದಲ್ಲಾಳಿಗಳ ಜಗಳವಾಗಿತ್ತು. ಇಬ್ಬರಿದ್ದರೆ ಕಮಿಷನ್ ಚೌಕಾಸಿ ಮಾಡಬಹುದು, ಒಬ್ಬನೇ ಉಳಿದರೆ ಕೇಳಿದಷ್ಟು ಕೊಡಬೇಕು ಎಂಬಷ್ಟರ ಮಟ್ಟಿಗೆ ಮಾತ್ರ ಅವನಿಗೆ ಅದರಲ್ಲಿ ಆಸಕ್ತಿಯಿತ್ತು.

ವ್ಯಾಜ್ಯದ ಮೊದಲ ಎಳೆ ಬ್ರಿಟನ್ನಿನದು. ಆಡಮ್ ಮತ್ತು ಶಿವಾನ್ ರಾಫ್ ದಂಪತಿ 2006ರ ಜೂನ್‌ನಲ್ಲಿ ‘ಫೌಂಡೆಮ್’ ಎಂಬ ಬೆಲೆ ಹೋಲಿಕೆಯ ತಾಣವನ್ನು ತೆರೆದರು. ತೆರೆದ ಕೆಲವೇ ದಿನಗಳಲ್ಲಿ ಅದು ಗೂಗಲ್ ಫಲಿತಾಂಶಗಳಲ್ಲಿ ಕಾಣದಷ್ಟು ಕೆಳಕ್ಕೆ ಕುಸಿಯಿತು. ಕಸದ ತಾಣಗಳನ್ನು ಹಿಂದಕ್ಕೆ ತಳ್ಳಲು ಇಟ್ಟಿದ್ದ ಸ್ವಯಂಚಾಲಿತ ಜರಡಿಗೆ ತಾವು ಸಿಕ್ಕಿಬಿದ್ದಿದ್ದೇವೆ, ಮನವಿ ಮಾಡಿಕೊಂಡರೆ ಸರಿಹೋದೀತು ಎಂದು ಅವರು ಮೊದಲು ಭಾವಿಸಿದ್ದರು. ಬೇರೆ ಸರ್ಚ್ ಎಂಜಿನ್‌ಗಳಲ್ಲಿ ತಾಣ ಚೆನ್ನಾಗಿಯೇ ಕಾಣುತ್ತಿತ್ತು. 2008ರ ಕೊನೆಯಲ್ಲಿ ಬ್ರಿಟನ್ನಿನ ಒಂದು ಟಿವಿ ಕಾರ್ಯಕ್ರಮ ಅದನ್ನು ದೇಶದ ಅತ್ಯುತ್ತಮ ಬೆಲೆ ಹೋಲಿಕೆಯ ತಾಣವೆಂದು ಹೊಗಳಿತು. ಗೂಗಲ್‌ನಲ್ಲಿ ಮಾತ್ರ ಸ್ಥಿತಿ ಸುಧಾರಿಸಲಿಲ್ಲ. 2009ರ ನವೆಂಬರಿನಲ್ಲಿ ರಾಫ್ ದಂಪತಿ ಐರೋಪ್ಯ ಆಯೋಗಕ್ಕೆ ದೂರು ಸಲ್ಲಿಸಿದರು, ಮರುವರ್ಷ ಅದೇ ತಿಂಗಳಲ್ಲಿ ಆಯೋಗ ತನಿಖೆಯನ್ನು ಆರಂಭಿಸಿತು.

ಇದೇ ವರ್ಷಗಳಲ್ಲಿ ಗೂಗಲ್ ತನ್ನ ಪುಟದ ರಚನೆಯನ್ನೇ ಬದಲಿಸುತ್ತಿತ್ತು. ಚಿತ್ರ, ಸುದ್ದಿ, ವಿಡಿಯೊ ಎಲ್ಲವನ್ನೂ ಒಂದೇ ಫಲಿತಾಂಶ ಪುಟದಲ್ಲಿ ಬೆರೆಸಿ ಕೊಡುವ ಕ್ರಮ 2007ರ ಮೇ ತಿಂಗಳಲ್ಲಿ ಜಾರಿಗೆ ಬಂತು. ಫ್ರೂಗಲ್‌ನ ಹೆಸರೂ ಅದೇ ವರ್ಷ ಬದಲಾಯಿತು. 2008ರಿಂದ ಯುರೋಪಿನ ಮಾರುಕಟ್ಟೆಗಳಲ್ಲಿ ಗೂಗಲ್‌ನ ಸ್ವಂತ ಬೆಲೆ ಹೋಲಿಕೆಯ ಫಲಿತಾಂಶಗಳು ಚಿತ್ರಸಹಿತ ಚೌಕಟ್ಟಿನಲ್ಲಿ ಪುಟದ ಮೇಲ್ಭಾಗಕ್ಕೆ ಬಂದವು. ಇತ್ತ 2011ರ ಆರಂಭದಲ್ಲಿ, ಫಲಿತಾಂಶಗಳ ಸ್ಥಾನವನ್ನು ನಿರ್ಧರಿಸುವ ಗಣನಾ ಕ್ರಮಕ್ಕೆ ‘ಪಾಂಡಾ’ ಎಂದು ಹೆಸರಾದ ಬದಲಾವಣೆ ಬಂದು, ಸ್ವಂತ ಬರಹ ಕಡಿಮೆ ಇರುವ ತಾಣಗಳನ್ನು ಕೆಳಕ್ಕೆ ತಳ್ಳಿತು. ಬೇರೆಯವರ ಸರಕನ್ನು ಒಟ್ಟುಮಾಡಿ ತೋರಿಸುವ ಬೆಲೆ ಹೋಲಿಕೆಯ ತಾಣದಲ್ಲಿ ಸ್ವಂತ ಬರಹ ಹೆಚ್ಚಿರುವುದಾದರೂ ಹೇಗೆ? ಗೂಗಲ್‌ನ ಚೌಕಟ್ಟೂ ಅದೇ ಬಗೆಯದೇ ಆಗಿದ್ದರೂ ಅದಕ್ಕೆ ಈ ಜರಡಿ ಅನ್ವಯಿಸುತ್ತಿರಲಿಲ್ಲ. ಮುಂದೆ ಇಡೀ ಪ್ರಕರಣ ನಿಂತದ್ದು ಈ ಜೋಡಿಯ ಮೇಲೆ, ಎಂದರೆ ತನ್ನದನ್ನು ಮೇಲೇರಿಸುವುದು ಮತ್ತು ಇತರರದನ್ನು ಕೆಳಗಿಳಿಸುವುದು ಏಕಕಾಲಕ್ಕೆ ನಡೆದದ್ದರ ಮೇಲೆ.

ಜರಡಿಯ ಏಟು ವರ್ತಕರಿಗೂ ತಪ್ಪಿದ್ದಲ್ಲ. 2011ರ ಫೆಬ್ರುವರಿಯಲ್ಲಿ ಅಮೆರಿಕದ ಹಳೆಯ ಅಂಗಡಿ ಸರಣಿಯಾದ ಜೆ.ಸಿ. ಪೆನ್ನಿಯ ಕತೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಬಯಲಾಯಿತು. ಹಬ್ಬದ ವ್ಯಾಪಾರದ ತಿಂಗಳುಗಳಲ್ಲಿ ಉಡುಪು, ಹಾಸಿಗೆ, ರತ್ನಗಂಬಳಿ ಎಂದು ಏನು ಹುಡುಕಿದರೂ ಆ ಅಂಗಡಿಯೇ ಮೊದಲು ಬರುತ್ತಿತ್ತು. ಬೇರೆ ತಾಣಗಳಿಂದ ಹೆಚ್ಚು ಕೊಂಡಿಗಳು ಬರುವ ಪುಟವನ್ನು ಗೂಗಲ್ ಮೇಲಿಡುವುದರಿಂದ, ಸಂಬಂಧವೇ ಇಲ್ಲದ ಸಾವಿರಾರು ತಾಣಗಳಲ್ಲಿ ಅದರ ಕೊಂಡಿಗಳನ್ನು ನೆಟ್ಟಿದ್ದು ಇದಕ್ಕೆ ಕಾರಣವಾಗಿತ್ತು. ತನಗೆ ಇದೇನೂ ತಿಳಿಯದೆಂದ ಅಂಗಡಿ, ಹುಡುಕಾಟದ ಕೆಲಸ ನೋಡಿಕೊಳ್ಳುತ್ತಿದ್ದ ಸಲಹಾ ಸಂಸ್ಥೆಯನ್ನು ಬಿಡಿಸಿತು. ಗೂಗಲ್ ಕೈಯಾರೆ ಶಿಕ್ಷೆ ವಿಧಿಸಿದ ಕೆಲವೇ ಗಂಟೆಗಳಲ್ಲಿ, ಹಜಾರದ ಪೀಠೋಪಕರಣಗಳ ಹುಡುಕಾಟದಲ್ಲಿ ಆ ಅಂಗಡಿ 1ನೇ ಸ್ಥಾನದಿಂದ 68ಕ್ಕೆ ಇಳಿಯಿತು. ತಪ್ಪು ಮಾಡಿದವರಿಗೆ ತಕ್ಕ ಶಾಸ್ತಿಯಾಯಿತು ಎನ್ನಬಹುದು. ಆದರೆ ಸಾವಿರಕ್ಕೂ ಹೆಚ್ಚು ಮಳಿಗೆಗಳಿದ್ದ ಸಂಸ್ಥೆಯೊಂದು ಅಷ್ಟು ಸುಲಭವಾಗಿ ಮಾಯವಾಗುವುದಾದರೆ, ಮಳಿಗೆಯೇ ಇಲ್ಲದ, ವೆಬ್‌ಸೈಟನ್ನೇ ನೆಚ್ಚಿದ ವರ್ತಕನ ಪಾಡು ಏನೆಂದು ಊಹಿಸುವುದು ಕಷ್ಟವಲ್ಲ.

ವರ್ತಕರ ಮಟ್ಟಿಗೆ ನಿಜವಾದ ತಿರುವು 2012ರದು. ಆ ವರ್ಷದ ಮೇ ಕೊನೆಯಲ್ಲಿ ಗೂಗಲ್, ತನ್ನ ಸರಕು ಹುಡುಕಾಟಕ್ಕೆ ‘ಗೂಗಲ್ ಷಾಪಿಂಗ್’ ಎಂದು ಹೊಸ ಹೆಸರಿಟ್ಟು, ಇನ್ನು ಮುಂದೆ ಹಣ ಕೊಟ್ಟವರ ಸರಕು ಮಾತ್ರ ಅಲ್ಲಿ ಕಾಣುತ್ತದೆ ಎಂದು ಸಾರಿತು. ಹತ್ತು ವರ್ಷ ಉಚಿತವಾಗಿದ್ದ ಪಟ್ಟಿ ಅಮೆರಿಕದಲ್ಲಿ ಆ ವರ್ಷದ ಶರತ್ಕಾಲದ ಹೊತ್ತಿಗೆ ಪೂರ್ತಿ ಜಾಹೀರಾತಾಯಿತು. ಇತರ ದೇಶಗಳಲ್ಲಿ ಮರುವರ್ಷ ಹಾಗೆಯೇ ಆಯಿತು. ಹಣ ಕೊಡಬೇಕಾದರೆ ವರ್ತಕರು ತಮ್ಮ ಪಟ್ಟಿಯಲ್ಲಿ ಸುಳ್ಳು ಬೆಲೆ, ಮುಗಿದುಹೋದ ದಾಸ್ತಾನು ಇಡುವುದಿಲ್ಲ ಎಂಬುದು ಗೂಗಲ್‌ನ ಸಮರ್ಥನೆ, ಅದರಲ್ಲಿ ಸತ್ಯಾಂಶ ಇಲ್ಲದಿಲ್ಲ. ಬೆಲೆ ಹೋಲಿಕೆಯ ತಾಣವನ್ನು ಹಾಯದೆ ನೇರವಾಗಿ ತಮ್ಮ ಪುಟಕ್ಕೇ ಗಿರಾಕಿ ಬರುವುದು ಅನೇಕ ವರ್ತಕರಿಗೆ ಇಷ್ಟವೂ ಆಯಿತು. ಆದರೆ ಆ ಗಿರಾಕಿಯ ಬೆಲೆಯನ್ನು ಹರಾಜು ನಿರ್ಧರಿಸುತ್ತದೆ. ಲಾಭದ ಅಂತರ ದೊಡ್ಡದಿರುವವರು ಕೂಗುವ ಬೆಲೆಯನ್ನು ಸಣ್ಣವರು ಸರಿಗಟ್ಟಬೇಕು, ಇಲ್ಲವೆ ಸಾಲಿನಿಂದ ಹೊರಗುಳಿಯಬೇಕು.

ಹರಾಜಿಗೆ ಮುಂಚೆ ಇನ್ನೊಂದು ಬಾಗಿಲು ದಾಟಬೇಕಾಗುತ್ತದೆ. ವರ್ತಕ ತನ್ನ ಪಟ್ಟಿಯನ್ನು ಗೂಗಲ್ ಹೇಳಿದ ಅಂಕಣಗಳಲ್ಲಿ, ಹೇಳಿದ ಕ್ರಮದಲ್ಲಿ ತುಂಬಿಕೊಡಬೇಕು. ಸರಕಿನ ಹೆಸರು, ವಿವರಣೆ, ಪುಟದ ವಿಳಾಸ, ಚಿತ್ರದ ವಿಳಾಸ, ಬೆಲೆ, ದಾಸ್ತಾನು ಉಂಟೋ ಇಲ್ಲವೋ, ಬ್ರ್ಯಾಂಡು, ಬಾರ್‌ಕೋಡಿನ ಅಂಕಿ ಎಲ್ಲವೂ ಅದರಲ್ಲಿ ಇರಬೇಕು. ಪಟ್ಟಿಯಲ್ಲಿ 499 ರೂಪಾಯಿ ಇದ್ದು, ಅಂಗಡಿಯ ಪುಟದಲ್ಲಿ ಬೆಳಿಗ್ಗೆಯಷ್ಟೇ 549 ಎಂದು ಬದಲಿಸಿದ್ದರೆ ಆ ಸರಕು ತಿರಸ್ಕೃತವಾಗಬಹುದು. ಚಿತ್ರದ ಮೇಲೆ ಅಂಗಡಿಯ ಹೆಸರಿನ ಅಚ್ಚಿದ್ದರೂ ಅದೇ ಗತಿ. ಕಾರ್ಖಾನೆಯ ಮಿಕ್ಸಿಗೆ ಬಾರ್‌ಕೋಡ್ ಹುಟ್ಟಿನಿಂದಲೇ ಇರುತ್ತದೆ. ಚನ್ನಪಟ್ಟಣದಲ್ಲಿ ಆಲೆ ಮರವನ್ನು ಕಡೆದು ಮಾಡಿದ ಬುಗುರಿಗೆ, ಇಳಕಲ್ಲಿನ ಮಗ್ಗದಲ್ಲಿ ನೇಯ್ದ ಸೀರೆಗೆ ಅದಿರುವುದು ಅಪರೂಪ. ಅಂಥ ಸರಕಿಗೆ ಗುರುತಿನ ಅಂಕಿ ಇಲ್ಲವೆಂದು ಘೋಷಿಸುವ ಬೇರೊಂದು ಅಂಕಣವಿದೆ. ಆದರೆ ಒಂದೇ ವಸ್ತುವನ್ನು ಹತ್ತು ಅಂಗಡಿಗಳಲ್ಲಿ ಗುರುತಿಸಿ ಬೆಲೆ ಹೋಲಿಸುವ ಯಂತ್ರಕ್ಕೆ, ಜಗತ್ತಿನಲ್ಲಿ ಒಂದೇ ಇರುವ ವಸ್ತು ಎಂದಿಗೂ ತೊಡಕೇ.

ವ್ಯಾಪಾರದ ಸ್ಪರ್ಧೆಯ ಮೇಲೆ ನಿಗಾ ಇಡುವ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಈ ಪಕ್ಷಪಾತದ ಆರೋಪದ ತನಿಖೆಯನ್ನು 2013ರ ಜನವರಿಯಲ್ಲಿ ಮುಚ್ಚಿತು. ಐರೋಪ್ಯ ಆಯೋಗದಲ್ಲಿ ಅಂದಿನ ಸ್ಪರ್ಧಾ ಆಯುಕ್ತ ಹೋಕಿನ್ ಅಲ್ಮೂನಿಯಾ ರಾಜಿಗೆ ಮಾಡಿದ ಪ್ರಯತ್ನಗಳು ಕೈಗೂಡಲಿಲ್ಲ. ಅವರ ನಂತರ ಬಂದ ಮಾರ್ಗ್ರೆತೆ ವೆಸ್ಟಾಗರ್ 2015ರ ಏಪ್ರಿಲ್‌ನಲ್ಲಿ ಆರೋಪಪಟ್ಟಿಯನ್ನು ಹೊರಡಿಸಿ, 2017ರ ಜೂನ್ 27ರಂದು 242 ಕೋಟಿ ಯುರೋ ದಂಡ ವಿಧಿಸಿದರು. ಆಯೋಗ ಸುಮಾರು 170 ಕೋಟಿ ಹುಡುಕಾಟಗಳ ಫಲಿತಾಂಶಗಳನ್ನು ಜಾಲಾಡಿತ್ತು. ಅದರ ಪ್ರಕಾರ, ಪ್ರತಿಸ್ಪರ್ಧಿಗಳಲ್ಲಿ ಅತ್ಯುತ್ತಮ ಸ್ಥಾನದಲ್ಲಿದ್ದ ತಾಣವೂ ಸರಾಸರಿ ನಾಲ್ಕನೆಯ ಪುಟದಲ್ಲಿ ಕಾಣಿಸಿಕೊಳ್ಳುತ್ತಿತ್ತು. ಕಂಪ್ಯೂಟರಿನಲ್ಲಿ ಮೊದಲ ಪುಟದ ಹತ್ತು ಫಲಿತಾಂಶಗಳಿಗೆ ಸುಮಾರು 95 ಶೇಕಡಾ ಕ್ಲಿಕ್ಕುಗಳು ಸಲ್ಲುತ್ತವೆ, ಎರಡನೆಯ ಪುಟದ ಮೊದಲ ಫಲಿತಾಂಶಕ್ಕೆ ಸಿಗುವುದು ಒಂದು ಶೇಕಡಾ ಮಾತ್ರ. ಹಾಗಿರುವಾಗ ನಾಲ್ಕನೆಯ ಪುಟವೆಂದರೆ ಊರ ಹೊರಗಿನ ಅಂಗಡಿಯೂ ಅಲ್ಲ, ಪಕ್ಕದ ತಾಲ್ಲೂಕಿನ ಅಂಗಡಿ. ಈ ಅವಧಿಯಲ್ಲಿ ಗೂಗಲ್‌ನ ಸ್ವಂತ ಸೇವೆಗೆ ಬರುವವರ ಸಂಖ್ಯೆ ಬ್ರಿಟನ್ನಿನಲ್ಲಿ 45 ಪಟ್ಟು, ಜರ್ಮನಿಯಲ್ಲಿ 35 ಪಟ್ಟು ಬೆಳೆದಿತ್ತು. ಅಮೆಜಾನ್, ಇಬೇಗಳಂಥ ತಾಣಗಳೇ ತನ್ನ ನಿಜವಾದ ಎದುರಾಳಿಗಳು, ಬೆಲೆ ಹೋಲಿಕೆಯ ತಾಣಗಳು ಸೊರಗಿದ್ದು ಅವುಗಳಿಂದ ಎಂದು ಗೂಗಲ್ ವಾದಿಸಿತು. ಆಯೋಗ ಅದನ್ನು ಒಪ್ಪಲಿಲ್ಲ. ದೂರಿನಿಂದ ಇದಕ್ಕೆಲ್ಲ ದಾರಿ ಮಾಡಿಕೊಟ್ಟ ಫೌಂಡೆಮ್ ಮಾತ್ರ ತೀರ್ಪು ಬರುವುದಕ್ಕೆ ಒಂದು ವರ್ಷ ಮುಂಚೆ, 2016ರಲ್ಲೇ, ಬಾಗಿಲು ಮುಚ್ಚಿತ್ತು.

ದಂಡದ ಬಳಿಕ ಬಂದ ಪರಿಹಾರವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 2017ರ ಸೆಪ್ಟೆಂಬರಿನಿಂದ ಯುರೋಪಿನಲ್ಲಿ ಗೂಗಲ್ ಷಾಪಿಂಗ್ ಪ್ರತ್ಯೇಕ ಘಟಕವಾಗಿ, ಇತರ ಬೆಲೆ ಹೋಲಿಕೆಯ ಸೇವೆಗಳ ಜೊತೆ ಅದೇ ಚಿತ್ರಸಾಲಿನ ಹರಾಜಿನಲ್ಲಿ ಪಾಲ್ಗೊಳ್ಳತೊಡಗಿತು. ವರ್ತಕ ಯಾವ ಸೇವೆಯ ಮೂಲಕ ಬೇಕಾದರೂ ಕೂಗಬಹುದು ಎಂದಾಯಿತು. ಗೂಗಲ್‌ನ ಘಟಕ ತನ್ನ ಪಾಲು ಹಿಡಿದುಕೊಂಡೇ ಕೂಗಬೇಕಾದ್ದರಿಂದ, ಇತರ ಸೇವೆಯ ಮೂಲಕ ಹೋದವರಿಗೆ ಅದೇ ಹಣದಲ್ಲಿ ಹೆಚ್ಚು ಬಲ ಸಿಗುತ್ತಿತ್ತು. ಇದರ ಲಾಭ ಪಡೆಯಲು ಜಾಹೀರಾತು ಏಜೆನ್ಸಿಗಳು ಹೆಸರಿಗೆ ಮಾತ್ರ ಬೆಲೆ ಹೋಲಿಕೆಯ ತಾಣಗಳನ್ನು ಕಟ್ಟಿಕೊಂಡವು. ಹೀಗೆ ಬೆಲೆ ಹೋಲಿಕೆಯನ್ನು ಉಳಿಸಲು ಹೊರಟ ಆದೇಶ, ಕಡೆಗೆ ವರ್ತಕರ ಜಾಹೀರಾತಿನ ಖರ್ಚಿನಲ್ಲಿ ಒಂದಿಷ್ಟು ರಿಯಾಯಿತಿಯಾಗಿ ಇಳಿದುಬಂತು. ಸಾಲಿನ ಸ್ಥಾನವಾಗಲಿ, ಹರಾಜನ್ನು ನಡೆಸುವ ಕೈಯಾಗಲಿ ಬದಲಾಗಲಿಲ್ಲ. ಗೂಗಲ್‌ನ ಮೇಲ್ಮನವಿಯನ್ನು ಕೆಳ ನ್ಯಾಯಾಲಯ 2021ರ ನವೆಂಬರಿನಲ್ಲೂ, ಐರೋಪ್ಯ ಒಕ್ಕೂಟದ ಸರ್ವೋಚ್ಚ ನ್ಯಾಯಾಲಯ 2024ರ ಸೆಪ್ಟೆಂಬರ್ 10ರಂದೂ ತಳ್ಳಿಹಾಕಿದವು. ಮೊದಲ ದೂರಿಗೂ ಕೊನೆಯ ತೀರ್ಪಿಗೂ ನಡುವೆ ಹೆಚ್ಚುಕಡಿಮೆ 15 ವರ್ಷ ಕಳೆದಿತ್ತು.

ಭಾರತದಲ್ಲಿ ಪ್ರಶ್ನೆ ಬೇರೆ ದಾರಿಯಿಂದ ಬಂತು. ಭಾರತ್ ಮ್ಯಾಟ್ರಿಮೊನಿ ತಾಣವನ್ನು ನಡೆಸುತ್ತಿದ್ದ ಸಂಸ್ಥೆ ಮತ್ತು ಗ್ರಾಹಕ ಸಂಘಟನೆಯಾದ ಕಟ್ಸ್ 2012ರಲ್ಲಿ ಕೊಟ್ಟ ದೂರುಗಳ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2018ರ ಫೆಬ್ರುವರಿ 8ರಂದು ಗೂಗಲ್‌ಗೆ 135.86 ಕೋಟಿ ರೂಪಾಯಿ ದಂಡ ಹಾಕಿತು. ವಿಮಾನ ಟಿಕೆಟ್ ಹುಡುಕುವವರನ್ನು ಫಲಿತಾಂಶ ಪುಟದ ಚೌಕಟ್ಟಿನಿಂದ ಗೂಗಲ್‌ನದೇ ಪುಟಕ್ಕೆ ಕರೆದೊಯ್ಯುತ್ತಿದ್ದುದು ಅಲ್ಲಿನ ಮುಖ್ಯ ಆಕ್ಷೇಪಗಳಲ್ಲೊಂದಾಗಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಗೂಗಲ್ ಷಾಪಿಂಗ್ ಭಾರತಕ್ಕೆ ಬಂತು. 2020ರ ಏಪ್ರಿಲ್‌ನಲ್ಲಿ, ಕೊರೊನಾದಿಂದ ಅಂಗಡಿಗಳು ಮುಚ್ಚಿದ್ದಾಗ, ಷಾಪಿಂಗ್ ವಿಭಾಗದಲ್ಲಿ ಮತ್ತೆ ಉಚಿತ ಪಟ್ಟಿಗೆ ಅವಕಾಶ ಕೊಡುವುದಾಗಿ ಗೂಗಲ್ ಪ್ರಕಟಿಸಿ, ಮೊದಲು ಅಮೆರಿಕದಲ್ಲಿ, ಬಳಿಕ ಇತರೆಡೆ ಅದನ್ನು ತಂದಿತು. ಇದನ್ನು ಔದಾರ್ಯವೆಂದು ಬರೆದವರು ಇದ್ದಾರೆ. ಸರಕನ್ನು ಹುಡುಕುವವರು ನೇರವಾಗಿ ಅಮೆಜಾನ್‌ಗೇ ಹೋಗುವ ಅಭ್ಯಾಸ ಬಲಿಯುತ್ತಿದ್ದಾಗ, ಖಾಲಿ ಕಪಾಟುಗಳನ್ನು ತುಂಬಿಸಿಕೊಳ್ಳುವ ಅಗತ್ಯ ಗೂಗಲ್‌ಗೂ ಇತ್ತು ಎಂದೇ ನನಗೆ ತೋರುತ್ತದೆ.

ಈಗ ವಿವಾದದ ನೆಲ ಮತ್ತೊಮ್ಮೆ ಸರಿಯುತ್ತಿದೆ. ಸ್ವಂತ ಸೇವೆಗೆ ಹೆಚ್ಚಿನ ಮಣೆ ಹಾಕುವುದನ್ನು ಮೊದಲೇ ನಿಷೇಧಿಸುವ ಐರೋಪ್ಯ ಒಕ್ಕೂಟದ ಡಿಜಿಟಲ್ ಮಾರುಕಟ್ಟೆಗಳ ಕಾಯ್ದೆ 2024ರ ಮಾರ್ಚ್‌ನಿಂದ ಗೂಗಲ್‌ಗೆ ಅನ್ವಯವಾಗಿದೆ. ಅದನ್ನು ಪಾಲಿಸುತ್ತಿಲ್ಲವೆಂಬ ಪ್ರಾಥಮಿಕ ಅಭಿಪ್ರಾಯವನ್ನು ಆಯೋಗ ಮರುವರ್ಷದ ಮಾರ್ಚ್‌ನಲ್ಲೇ ತಿಳಿಸಿತು. ಇಷ್ಟರಲ್ಲಿ ಫಲಿತಾಂಶಗಳ ಮೇಲೆ ಕೃತಕ ಬುದ್ಧಿಮತ್ತೆ ಬರೆದ ಸಾರಾಂಶವನ್ನು ಇಡುವ ಕ್ರಮ 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ, ಆಗಸ್ಟ್‌ನಲ್ಲಿ ಭಾರತದಲ್ಲಿ ಆರಂಭವಾಯಿತು. ಎರಡು ವರ್ಷದ ಮಗುವಿಗೆ ಯಾವ ಮರದ ಆಟಿಕೆ ಒಳ್ಳೆಯದು ಎಂದು ಕೇಳಿದವರಿಗೆ ಮೊದಲು ಆಟಿಕೆ ಅಂಗಡಿಯವರು ಬರೆದಿಟ್ಟ ಲೇಖನ ಸಿಗುತ್ತಿತ್ತು, ಅದನ್ನು ಓದುತ್ತ ಅಂಗಡಿಯೊಳಗೆ ಕಾಲಿಡುವವರೂ ಇರುತ್ತಿದ್ದರು. ಈಗ ಉತ್ತರ ಪುಟದ ಮೇಲೆಯೇ ಮುಗಿಯಬಹುದು. ಯಂತ್ರ ಯಾವ ಆಟಿಕೆಯನ್ನು ಹೆಸರಿಸಬೇಕು ಎಂಬುದಕ್ಕೆ ನೆಚ್ಚುವ ಮೂಲಗಳಲ್ಲಿ ವರ್ತಕರು ತುಂಬಿಕೊಟ್ಟ ಅದೇ ಪಟ್ಟಿಗಳೂ ಸೇರಿವೆ. ತನ್ನ ಭಂಡಾರದಲ್ಲಿ ಅಂಥ 5,000 ಕೋಟಿಗೂ ಹೆಚ್ಚು ನಮೂದುಗಳಿವೆ ಎಂದು ಗೂಗಲ್ 2025ರಲ್ಲಿ ಹೇಳಿಕೊಂಡಿತು. ಹಿಂದೆ ಮನುಷ್ಯರು ಓದದೆ ದಾಟಿಸುತ್ತಿದ್ದ ವಿವರಣೆಯ ಅಂಕಣದಲ್ಲಿ ಆಲೆ ಮರ, ಅರಗು, ಸಸ್ಯಮೂಲದ ಬಣ್ಣ ಎಂದೆಲ್ಲ ಬಿಡಿಸಿ ಬರೆಯುವ ಕೆಲಸ ಈಗ ಅಂಗಡಿಯವರ ದಿನದ ಕೆಲಸಕ್ಕೆ ಸೇರಿಕೊಂಡಿದೆ. ಗುರುತಿನ ಅಂಕಿ ಇದೆಯೇ ಎಂಬ ಅಂಕಣದಲ್ಲಿ ಮಾತ್ರ ಇಂದಿಗೂ ಅವರು ತುಂಬುವುದು ‘ಇಲ್ಲ’ ಎಂದೇ.